ಪರದೆಯ ಮೇಲೆ ಕೆಂಪು, ಹಸಿರು ಬೇಡ

ಇವತ್ತು ಬೆಳಿಗ್ಗೆ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ತನ್ನ ಪ್ರೋಗ್ರಾಮು ತಪ್ಪನ್ನು ಕೆಂಪಗೆ ತೋರಿಸಬೇಕು, ಬೆಳ್ಳಗೆ ತೋರಿಸುತ್ತಿದೆ ಎಂದಳು. ಟರ್ಮಿನಲ್ ಎಂದರೆ ನಿಮಗೆ ಗೊತ್ತಿರಬಹುದು, ಇಲ್ಲದಿದ್ದರೂ ಚಿಂತೆಯಿಲ್ಲ. ಕರಿ ಪರದೆ, ಬರೀ ಅಕ್ಷರ. ಅಲ್ಲಿರುವ ಒಂದೇ ಶೋಕಿಯೆಂದರೆ ಅಕ್ಷರದ ಬಣ್ಣ. ಹಳದಿ ಬರುತ್ತದೆಯೇ ಎಂದು ಕೇಳಿದೆ. ಬರುತ್ತದಂತೆ. ಹಸಿರು? ಅದೂ ಬೆಳ್ಳಗೇ. ನನಗೆ ಸಿಟ್ಟು ನೆತ್ತಿಗೇರಿತು. ತನ್ನ ಮೇಲೆಯೇ ಎಂದುಕೊಂಡು ಹುಡುಗಿ ಹೆದರಿದಳು, ಪಾಪ.

ಈಗ ನಾನು ಕಲಿಸುವ ನರಗುಂದದ ಇದೇ ಕಾಲೇಜಿನಲ್ಲಿ ನಾನೂ ಓದಿದವಳು. ಆಗ ಒಂದು ಕಂಪ್ಯೂಟರಿಗೆ ಇಬ್ಬರು. ನನ್ನ ಜೊತೆಗಾರ್ತಿ ಶಾಹಿದಾ. ಅವಳ ತಂದೆ ದಾವಲಸಾಬರ ಹೊಲ ಕಾಲುವೆಯ ತುದಿಗಿತ್ತು. ನೀರಿನ ಪಾಳಿ ಯಾರದೆಂದು ಊರಲ್ಲಿ ಗೋಡೆಗೆ ಪಟ್ಟಿ ಹಚ್ಚುತ್ತಿದ್ದರು, ದಾವಲಸಾಬರಿಗೆ ಓದು ಬಾರದು. ಪ್ರತಿ ಸಲ ಯಾರನ್ನಾದರೂ ಕೇಳಬೇಕು, ಕೇಳಿಸಿಕೊಂಡವರು ಮುಖ ಸಿಂಡರಿಸಬೇಕು. ಹಾಗಾಗಿ ಶಾಹಿದಾ ಕೊನೆಯ ವರ್ಷದ ಪ್ರದರ್ಶನಕ್ಕೆ ಪಾಳಿಯ ಪ್ರೋಗ್ರಾಮು ಬರೆದಳು. ನೀರು ಬಂದವರ ಹೆಸರು ಹಸಿರು, ಕಾಯುವವರದು ಕೆಂಪು. ಪಟ್ಟಿಯಲ್ಲಿ ತಮ್ಮ ಹೆಸರು ಯಾವಾಗಲೂ ಕೊನೆಯದೆಂದು ಅವಳ ಅಬ್ಬಾಗೆ ಗೊತ್ತು. ಬಣ್ಣ ನೋಡಿದರೆ ಸಾಕು. ಮನೆಯಲ್ಲಿ ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ ಎದುರಿಟ್ಟು ಅವರಿಗೆ ಪಾಠ ಮಾಡಿದ್ದಳು. ಪ್ರದರ್ಶನದ ದಿನ ಅವರು ಯಾರನ್ನೂ ಕೇಳದೆ ತಮ್ಮ ಪಾಳಿ ತಾವೇ ಕಂಡುಕೊಳ್ಳಬೇಕು. ಅವಳಿಗಿದ್ದ ಆಸೆ ಅಷ್ಟೇ.

ಅಂಥ ಸಮಯದಲ್ಲಿ ಬಣ್ಣ ಕೈಕೊಟ್ಟಿತು. ಪ್ರೋಗ್ರಾಮನ್ನು ತಿದ್ದಿದೆವು, ಅಳಿಸಿ ಮತ್ತೆ ಬರೆದೆವು, ಬೇರೆ ಕಂಪ್ಯೂಟರಿಗೆ ಹೋಗಿ ಕೂತೆವು. ಹಳದಿ ಬಂತು, ನೀಲಿ ಬಂತು. ಕೆಂಪು, ಹಸಿರು ಎರಡೇ ಬೆಳ್ಳಗೆ. ನಾನಂತೂ ಕೀಬೋರ್ಡನ್ನು ಕುಟ್ಟಿಯೂ ನೋಡಿದೆ, ವಿಜ್ಞಾನದ ವಿದ್ಯಾರ್ಥಿನಿಯಲ್ಲವೇ. ಪ್ರದರ್ಶನದ ಹಿಂದಿನ ಸಂಜೆ ಶಾಹಿದಾ ಟರ್ಮಿನಲ್ಲಿನ ಸೆಟ್ಟಿಂಗ್ ತೆರೆದಳು. ಅಲ್ಲಿ ಬಣ್ಣದ ಚೌಕಗಳ ಒಂದು ಸಾಲು. ಕೆಂಪಿರಬೇಕಾದಲ್ಲಿ, ಹಸಿರಿರಬೇಕಾದಲ್ಲಿ ಯಾರೋ ಬಿಳಿ ತುಂಬಿದ್ದರು.

ತುಂಬಿದವರು ನಮ್ಮ ಲ್ಯಾಬಿನ ಸರ್. ಕೇಳಿದಾಗ ಅವರಿಗೆ ಎಳ್ಳಷ್ಟೂ ಸಂಕೋಚವಾಗಲಿಲ್ಲ.

"ನೋಡು ತಂಗಿ, ಕೆಂಪು ಶಾಯಿ ಪೇಪರ್ ತಿದ್ದೋರದು. ಹಸಿರು, ದೊಡ್ಡ ಸಾಹೇಬರು ಸಹಿ ಮಾಡೋದು. ನಾಳೆ ಹೊರಗಿನವರು ಬರ್ತಾರ, ನೋಡಿದ್ರ ಏನಂತಾರ? ನಿಮಗ ನೀಲಿ, ಕಪ್ಪು ಐತೆಲ್ಲ."

ಕರಿ ಪರದೆಯ ಮೇಲೆ ಕಪ್ಪು ಅಕ್ಷರ! ನೀವೇ ಹೇಳಿ, ಇಂಥವರಿಗೆ ಏನನ್ನಬೇಕು? ಉತ್ತರಪತ್ರಿಕೆಯ ನಿಯಮವನ್ನು ತಂದು ಬೆಳಕಿಗೆ ಹೇರಿದ್ದರು. ಬಣ್ಣಕ್ಕೂ ಹುದ್ದೆ ಬೇಕಂತೆ. ಹಳದಿ ಹಾಕಬಹುದಿತ್ತಲ್ಲ ಎನ್ನುತ್ತೀರೇನೋ. ಅಬ್ಬಾ ಕಲಿತದ್ದು ಮೆಣಸಿನಕಾಯಿಯ ಎರಡು ಬಣ್ಣ. ರಾತ್ರೋರಾತ್ರಿ ಹೊಸ ಪಾಠ ಮಾಡಲಾದೀತೇ? ಅವಳು ಚೌಕಗಳನ್ನು ಸರಿಮಾಡಿದಳು. ಬೆಳಗಾಗುವಷ್ಟರಲ್ಲಿ ಸರ್ ಮತ್ತೆ ಬೆಳ್ಳಗೆ ಮಾಡಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ದಾವಲಸಾಬರು ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದರು. ಪರದೆಯ ಮುಂದೆ ಬಾಗಿ ಬಹಳ ಹೊತ್ತು ನೋಡಿದರು.

"ನೀರು ಯಾರಿಗೆ ಬಂದೈತಿ, ಬೇಟಾ?"

ಶಾಹಿದಾ ಬೆರಳಿಟ್ಟು ಓದಿ ಹೇಳಿದಳು. ಅವರು ತಲೆಯಾಡಿಸಿದರು.

"ಮತ್ತ ಓದೇ ಹೇಳಬೇಕಾತಲ್ಲ," ಎಂದರು.

ಅವಳಿಗೆ ಒಳ್ಳೆಯ ಅಂಕವೇ ಬಂತು. ಆ ಅಂಕಪಟ್ಟಿಯನ್ನು ಅವಳು ಯಾರಿಗೂ ತೋರಿಸಿದ್ದು ನನಗೆ ನೆನಪಿಲ್ಲ.

ಸರ್ ಯಾವಾಗಲೋ ನಿವೃತ್ತರಾದರು. ಕಂಪ್ಯೂಟರುಗಳೂ ಬದಲಾದವು. ಆದರೆ ಹಳೆಯದರ ಸೆಟ್ಟಿಂಗನ್ನು ಹೊಸದಕ್ಕೆ ಹಾಗೇ ನಕಲು ಮಾಡುತ್ತ ಬಂದಿದ್ದಾರೆ, ಏಕೆಂದು ಒಬ್ಬರೂ ಕೇಳಿಲ್ಲ. ಇವತ್ತು ತೆರೆದು ನೋಡಿದರೆ ಅವೇ ಎರಡು ಬಿಳಿ ಚೌಕ. ಒಂದೊಂದೇ ಕಂಪ್ಯೂಟರಿಗೆ ಹೋಗಿ ಎಲ್ಲ ಸರಿಮಾಡಿದೆ. ಆ ಹುಡುಗಿಯ ತಪ್ಪು ಕೆಂಪಗೆ ಎದ್ದು ಬಂತು; ತಪ್ಪು ಕಂಡು ಅಷ್ಟು ಖುಷಿಪಟ್ಟವರನ್ನು ನಾನು ನೋಡಿಲ್ಲ. ಕೊನೆಯ ಕಂಪ್ಯೂಟರಿನಲ್ಲಿ ಐದಾರು ಹೆಸರು ಬರೆದೆ. ಕೊನೆಯದು ದಾವಲಸಾಬರದು, ಅದಕ್ಕೆ ಹಸಿರು, ಉಳಿದವಕ್ಕೆ ಕೆಂಪು ಕೊಟ್ಟು, ಫೋಟೊ ತೆಗೆದು ಶಾಹಿದಾಗೆ ಕಳಿಸಿದೆ. ಅವಳೀಗ ಗಜೇಂದ್ರಗಡದಲ್ಲಿ ಟೀಚರ್. ಅಬ್ಬಾ ಅವಳ ಜೊತೆಗೇ ಇದ್ದಾರೆ.

ಮಧ್ಯಾಹ್ನ ಅವಳ ಫೋನು ಬಂತು.

"ಅಬ್ಬಾಗ ಫೋಟೊ ತೋರಿಸಿದೆ. ನಾ ಏನೂ ಓದಿ ಹೇಳಿಲ್ಲ. 'ನಮಗ ನೀರು ಬಂತಲ್ಲ' ಅಂದ್ರು."