ಭಾವಮೈದ ಊದಿದ ಮೀಟರು

ಬಸ್ಸಿನ ಸ್ಟಿಯರಿಂಗ್ ತಿರುಗಿಸಿಯೇ ತಲೆ ನರೆಸಿಕೊಂಡ ಡ್ರೈವರೊಬ್ಬರು ನಿವೃತ್ತರಾದ ಮೇಲೆ ಸುಮ್ಮನೆ ಕಾಲು ಚಾಚಿ ಕೂರದೆ, ಮನೆಯ ಹಿಂದಿನ ಶೆಡ್ಡಿನಲ್ಲಿ ವಿಮಾನ ಕಟ್ಟಲು ಹೊರಟರೆ ಬೀದಿಯ ಜನ ಬಿಡುತ್ತಾರೆಯೇ? ಹಾಲು ತರಲು ಹೋದರೂ ಮಾತು, ಪೇಪರ್ ತರಲು ಹೋದರೂ ಮಾತು.

"ಏನ್ ಡ್ರೈವರ್ ಸಾಹೇಬ್ರೇ, ಮುಂದಿನ ಸ್ಟಾಪ್ ಯಾವ್ದು? ಚಂದ್ರಾನಾ?"

"ಅಲ್ಲಿಗೇ. ಆದ್ರೆ ಇರೋದು ಎರಡೇ ಸೀಟು, ನಿಂತ್ಕೊಂಡು ಬರೋರನ್ನ ಹತ್ತಿಸಲ್ಲ," ಎಂದು ಇವರು ನಕ್ಕು ಮುಂದೆ ಹೋಗುತ್ತಿದ್ದರು. ಜೀವನವಿಡೀ ಪ್ರಯಾಣಿಕರ ಬಾಯಿಗೆ ಸಿಕ್ಕಿದ ಮನುಷ್ಯ, ಇಂಥದ್ದಕ್ಕೆಲ್ಲ ಜಗ್ಗುವವರಲ್ಲ.

ಶೆಡ್ಡಿನ ಒಳಗೆ ಹೋಗಿ ನೋಡಿದವರು ಮಾತ್ರ ಆಮೇಲೆ ತಮಾಷೆ ಮಾಡುತ್ತಿರಲಿಲ್ಲ. ನಕ್ಷೆ ನೋಡಿಕೊಂಡು ಒಂದೊಂದೇ ಮರದ ಪಟ್ಟಿ ಕೊಯ್ದು, ಅಂಟು ಹಾಕಿ, ಮೇಲೆ ಬಟ್ಟೆ ಬಿಗಿದ ರೆಕ್ಕೆಗಳು ಗೋಡೆಗೆ ಒರಗಿರುತ್ತಿದ್ದವು. ಬಟ್ಟೆಯ ಮೇಲೆ ಬೆರಳಿನಿಂದ ತಟ್ಟಿದರೆ ಡೋಲಿನಂತೆ ಸದ್ದು ಬರುತ್ತಿತ್ತು. ಊರಾಚೆಯ ಸಣ್ಣ ಹುಲ್ಲಿನ ಮೈದಾನದಲ್ಲಿ ವಿಮಾನ ಹಾರಿಸುವುದನ್ನು ಕಲಿಸುವ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಡ್ರೈವರು ಹಾರಲು ಕಲಿತದ್ದು ಅವರ ಹತ್ತಿರ. ಕಟ್ಟಿದ್ದನ್ನು ಆಗಾಗ ಬಂದು ನೋಡಿ, ತಪ್ಪಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋಗುತ್ತಿದ್ದವರೂ ಅವರೇ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಬೇಡ ಎಂದವರಲ್ಲ, ಹೂಂ ಎಂದವರೂ ಅಲ್ಲ. ಎಂಜಿನ್ ಬಂದು ಶೆಡ್ಡಿನಲ್ಲಿ ಇಳಿದ ದಿನ ಮಾತ್ರ ಗಂಡನನ್ನು ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಿದರು.

"ನೋಡ್ರೀ, ಮೇಲೆ ಹೋಗೋದಕ್ಕೆ ನೀವು ಎಷ್ಟು ಬೇಕಾದ್ರೂ ಜಿಪುಣತನ ಮಾಡಿ. ಕೆಳಗೆ ಇಳಿಯೋದಕ್ಕೆ ಮಾಡಬೇಡಿ. ನನಗೆ ನೀವು ವಾಪಸ್ ಬೇಕು."

ಡ್ರೈವರು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವರಂತೆ ಇಟ್ಟುಕೊಂಡರು. ಗಂಡಸಿಗೆ ಸೆರಗೆಲ್ಲಿ ಎನ್ನಬೇಡಿ, ಮನಸ್ಸಿನಲ್ಲಿ ಇಟ್ಟುಕೊಂಡರು ಎಂದು ತಿಳಿಯಿರಿ.

ಎಂಜಿನ್ ಕೂರಿಸಿದ ಮೇಲೆ ಮೀಟರುಗಳ ಸರದಿ. ವಿಮಾನ ಕಟ್ಟುವವರಿಗೆ ಹುಚ್ಚು ಹಿಡಿಯುವುದೇ ಇಲ್ಲಿ. ಈಗ ಬಣ್ಣಬಣ್ಣದ ಪರದೆಗಳು ಬಂದಿವೆ. ಆಕಾಶ, ನೆಲ, ಗುಡ್ಡ, ದಾರಿ, ಮೋಡ ಎಲ್ಲ ಅದರಲ್ಲೇ ಕಾಣುತ್ತದೆ. ಡ್ರೈವರೂ ಕ್ಯಾಟಲಾಗ್ ತರಿಸಿ ಮಗುವಿನ ಹಾಗೆ ಆಸೆಯಿಂದ ಪುಟ ತಿರುಗಿಸಿದರು. ಬೆಲೆ ನೋಡಿದ ಮೇಲೆ ಮೆಲ್ಲಗೆ ಮುಚ್ಚಿಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಏನು ಮಾಡುವುದು?

"ಬೇಜಾರಾಯ್ತೇನಯ್ಯಾ?" ಎಂದು ಮೇಷ್ಟ್ರು ಕೇಳಿದರು.

"ಸ್ವಲ್ಪ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮೇಷ್ಟ್ರೇ, ಅಷ್ಟು ವರ್ಷ ಬಸ್ ಓಡಿಸಿದೆನಲ್ಲ, ಒಂದು ದಿನಾನೂ ಅಂಕಿ ಓದಿದೋನಲ್ಲ ನಾನು. ಮುಳ್ಳು ಎಲ್ಲಿ ನಿಂತಿದೆ ಅಂತ ನೋಡ್ತಿದ್ದೆ, ಅಷ್ಟೇ. ನನಗೆ ಮುಳ್ಳಿನ ಮೀಟರೇ ಸಾಕು."

ಹಾಗೆ ಹೇಳಿದ್ದಷ್ಟೇ ಅಲ್ಲ, ಬಸ್ಸಿನವರ ಬುದ್ಧಿಯನ್ನೇ ಇಲ್ಲಿಗೂ ತಂದರು. ಎಂಜಿನ್ನಿನ ಮೀಟರುಗಳನ್ನು ನೆಟ್ಟಗೆ ಕೂರಿಸದೆ ಒಂದೊಂದನ್ನೂ ಒಂದೊಂದು ಕಡೆ ಓರೆಯಾಗಿ ತಿರುಗಿಸಿದರು. ಎಂಜಿನ್ ಆರೋಗ್ಯವಾಗಿ ಓಡುತ್ತಿದ್ದರೆ ಎಣ್ಣೆಯದು, ಬಿಸಿಯದು, ತಿರುಗುವ ವೇಗದ್ದು, ಎಲ್ಲ ಮುಳ್ಳೂ ನೇರ ಮೇಲಕ್ಕೆ ನಿಲ್ಲುವ ಹಾಗೆ. ಯಾವುದಾದರೂ ಒಂದು ವಾಲಿದರೆ ಅದಕ್ಕೆ ಕಾಯಿಲೆ ಎಂದರ್ಥ. ನೋಡಿದವರಿಗೆ ಕುಡಿದು ಕೂರಿಸಿದ ಹಾಗೆ ಕಾಣುತ್ತಿತ್ತು. ಮೇಷ್ಟ್ರು ಮಾತ್ರ ಬೆನ್ನು ತಟ್ಟಿದರು.

ಎತ್ತರ ತೋರಿಸುವ ಮೀಟರು ಯಾರೋ ಬಳಸಿ ಬಿಟ್ಟದ್ದು, ಪರೀಕ್ಷೆ ಮಾಡಿಸಿ ತಂದರು. ದಿಕ್ಸೂಚಿಯೂ ಹಳೆಯದೇ. ರೇಡಿಯೋ ಕೈಯಲ್ಲಿ ಹಿಡಿಯುವಂಥದ್ದು, ಅದಕ್ಕೊಂದು ಗೂಡು ಮಾಡಿ ಸಿಕ್ಕಿಸಿದರು. ಗಾಳಿಯಲ್ಲಿ ವಿಮಾನದ ವೇಗ ತೋರಿಸುವ ಮೀಟರನ್ನು ಮಾತ್ರ ಹೊಚ್ಚ ಹೊಸದಾಗಿ ಕೊಂಡರು. ಇಳಿಯುವಾಗ ವೇಗ ತೀರಾ ಕಡಿಮೆಯಾದರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಆಗ ನಂಬಬೇಕಾದ್ದು ಅದೊಂದನ್ನೇ. ಹೆಂಡತಿಯ ಮಾತು ಅಲ್ಲಿ ಕೆಲಸ ಮಾಡಿತು. ಡಬ್ಬಿ ಬಿಚ್ಚಿ ಅದನ್ನು ಹೆಂಡತಿಗೇ ಮೊದಲು ತೋರಿಸಿದರು. ಆಕೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಚೆನ್ನಾಗಿದೆ," ಎಂದು ಜೋಪಾನವಾಗಿ ವಾಪಸ್ ಕೊಟ್ಟರು.

ಇಲ್ಲಿಗೆ ಎಲ್ಲ ಸುಸೂತ್ರ. ಇನ್ನು ಬರುತ್ತಾನೆ ಭಾವಮೈದ.

ಆಕೆಗೆ ಇದ್ದವನು ಇವನೊಬ್ಬನೇ ತಮ್ಮ. ಬ್ಯಾಂಡ್ ಸೆಟ್ಟಿನಲ್ಲಿ ತುತ್ತೂರಿ ಊದುತ್ತಿದ್ದ. ಅವನ ಎದೆಗೂಡು ನೋಡಬೇಕಿತ್ತು ನೀವು! ಅವನು ಊದಲು ನಿಂತರೆ ಎದುರು ಸಾಲಿನವರು ಕುರ್ಚಿ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ಮನಸ್ಸು ಮಾತ್ರ ಬೆಣ್ಣೆ. ಭಾವ ವಿಮಾನ ಕಟ್ಟುವುದು ಅವನಿಗೆ ತಾನೇ ಕಟ್ಟಿದಷ್ಟು ಹೆಮ್ಮೆ. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದರೆ ಮೊದಲು ಶೆಡ್ಡಿಗೆ ಹೋಗಿಯೇ ಆಮೇಲೆ ಒಳಗೆ ಬರುವುದು.

ಅವತ್ತು ಒಂದು ರೆಕ್ಕೆಯನ್ನು ಜೋಡಿಸಿ ಆಗಿತ್ತು. ಅದರ ಮುಂದೆ ಪೆನ್ಸಿಲಿನಷ್ಟು ಸಣ್ಣ ಕೊಳವೆಯೊಂದು ಚಾಚಿಕೊಂಡಿತ್ತು.

"ಭಾವ, ಇದೇನಿದು?"

"ಹಾರೋವಾಗ ಅದರೊಳಗೆ ಗಾಳಿ ನುಗ್ಗುತ್ತೆ ಕಣೋ. ಒಳಗೆ ಪೈಪು ಇದೆ. ಗಾಳಿ ಒತ್ತಿದಷ್ಟೂ ಮೀಟರಿನ ಮುಳ್ಳು ಏಳುತ್ತೆ," ಎಂದು ಹೇಳಿ ಡ್ರೈವರು ಕೈ ತೊಳೆಯಲು ಹೋದರು.

ಗಾಳಿ ನುಗ್ಗಿಸುವ ಕೊಳವೆಯನ್ನು ತುತ್ತೂರಿಯವನ ಮುಂದೆ ಬಿಟ್ಟು ಹೋಗುವುದೂ ಒಂದೇ, ಬೆಕ್ಕಿನ ಮುಂದೆ ಹಾಲಿಟ್ಟು ಹೋಗುವುದೂ ಒಂದೇ. ಅವನು ಬಗ್ಗಿದ, ತುಟಿ ಇಟ್ಟ, ಎದೆ ತುಂಬ ಉಸಿರು ತೆಗೆದುಕೊಂಡು ಊದಿದ. ಮೀಟರು ಒಳಗೆ ಟಕ್ಕೆಂದಿತು.

"ಭಾವ! ಬನ್ನಿ, ಬನ್ನಿ! ಮುಳ್ಳು ಕೊನೇ ತನಕ ಹೋಯ್ತು! ನೆಲದ ಮೇಲೇ ಹಾರಿಸ್ಬಿಟ್ಟೆ!"

ಡ್ರೈವರು ಒದ್ದೆ ಕೈಯಲ್ಲೇ ಓಡಿ ಬಂದರು. ಮುಳ್ಳು ಕೊನೆಯಲ್ಲೇ ಇತ್ತು, ವಾಪಸ್ ಬರಲಿಲ್ಲ. ಆ ಮೀಟರಿನ ಒಳಗೆ ಕಾಗದದಷ್ಟು ತೆಳ್ಳಗಿನ ತಗಡಿನ ಬಿಲ್ಲೆಯಿರುತ್ತದೆ, ಬಾಯಿಂದ ಜೋರಾಗಿ ಊದಿದರೆ ಅದು ಕೆಟ್ಟಿತೆಂದೇ ಲೆಕ್ಕ. ವಿಮಾನ ಕಟ್ಟುವವರಿಗೆಲ್ಲ ಗೊತ್ತಿರುವ ಮಾತು. ಪಾಪ, ತುತ್ತೂರಿಯವನಿಗೆ ಹೇಗೆ ಗೊತ್ತಿರಬೇಕು?

ಹಾಗೆ ಯೋಚಿಸುವ ತಾಳ್ಮೆ ಆ ಹೊತ್ತಿಗೆ ಎಲ್ಲಿತ್ತು? ಡ್ರೈವರ ನೆತ್ತಿಗೆ ಸಿಟ್ಟೇರಿತು.

"ಬೆಂಕಿ ಬೀಳ್ಲಿ ನಿನ್ನ ತುತ್ತೂರಿಗೆ! ಊದೋದು ಬಿಟ್ರೆ ನಿನಗೆ ಇನ್ನೇನ್ ಬರುತ್ತೆ? ಇಷ್ಟು ವರ್ಷ ಊದಿ ಊದಿ ಏನ್ ಕಡಿದು ಗುಡ್ಡೆ ಹಾಕಿದ್ದೀಯ?"

ಅವನು ಬಿಳಿಚಿಕೊಂಡ. ಊಟಕ್ಕೂ ನಿಲ್ಲದೆ ಚಪ್ಪಲಿ ಮೆಟ್ಟಿ ಹೊರಟೇ ಹೋದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೀಟರು ಇನ್ನೊಂದು ಸಿಕ್ಕೀತು, ಆ ಮಾತನ್ನು ಹೇಗೆ ನುಂಗುವುದು?

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಹೆಂಡತಿ ಗಂಡನ ಜೊತೆ ಜಗಳವಾಡಲಿಲ್ಲ, ಬೇಕಾದಷ್ಟೇ ಮಾತು, ತಟ್ಟೆಗೆ ಬಡಿಸುವುದು, ಡ್ಯೂಟಿಗೆ ಹೋಗುವುದು. ಜಗಳವೇ ಎಷ್ಟೋ ವಾಸಿ ಎನಿಸಿತು ಡ್ರೈವರಿಗೆ.

ಕೆಟ್ಟ ಮೀಟರನ್ನು ತೆಗೆಯಲೇಬೇಕಿತ್ತು. ಒಂದು ಮಧ್ಯಾಹ್ನ ಮೀಟರುಗಳ ಇಡೀ ಹಲಗೆಯನ್ನೇ ಬಿಚ್ಚಿ ಮುಂದಕ್ಕೆ ಬಗ್ಗಿಸಿದರು. ಟಾರ್ಚ್ ಹಿಡಿಯಲು ಒಂದು ಕೈ ಬೇಕಾಯಿತು. ಹೆಂಡತಿ ಬಂದು ಮಾತಿಲ್ಲದೆ ಹಿಡಿದರು. ಬೆಳಕು ಅತ್ತಿತ್ತ ಹೋಗಿ ಕೆಳಗೆ ಒಂದು ಕಡೆ ನಿಂತಿತು.

"ಇದೇನ್ರೀ ಇದು?"

"ಯಾವ್ದು?"

"ಈ ಪೈಪು ಇಷ್ಟುದ್ದ ಯಾಕೆ ಜೋತು ಬಿದ್ದಿದೆ? ನಮ್ಮ ವಾರ್ಡಲ್ಲಿ ಪೇಷಂಟಿನ ಟ್ಯೂಬು ಹೀಗೆ ನೇತಾಡಿದ್ರೆ ಹೆಡ್ ನರ್ಸು ನನ್ನ ಚರ್ಮ ಸುಲೀತಾರೆ."

ಡ್ರೈವರು ತಲೆ ತೂರಿಸಿ ನೋಡಿದರು. ನೋಡಿದವರು ಹಾಗೆಯೇ ನೆಲದ ಮೇಲೆ ಕುಸಿದು ಕೂತರು.

ವೇಗದ ಮೀಟರಿಗೆ ಬರುವ ಪೈಪು ಅದು. ಸುರುಳಿಗಟ್ಟಲೆ ತಂದಿದ್ದರು. ಬೇಕಾದಷ್ಟಕ್ಕೆ ಕತ್ತರಿಸಲು ಕೈ ಬರಲಿಲ್ಲ. ಮುಂದೆ ಬೇಕಾದೀತು, ದುಡ್ಡು ಕೊಟ್ಟ ಮಾಲು ಯಾಕೆ ಹಾಳು ಮಾಡುವುದು ಎಂದು ಮಿಕ್ಕಿದ್ದನ್ನು ಸುತ್ತಿ ಹಲಗೆಯ ಹಿಂದೆ ಟೇಪು ಅಂಟಿಸಿ ಬಿಟ್ಟಿದ್ದರು. ಬಸ್ಸಿನಲ್ಲಿ ಎಲ್ಲ ಡ್ರೈವರೂ ಮಾಡುವ ಕೆಲಸವೇ, ಬಸ್ಸಿನಲ್ಲಿ ಅದರಿಂದ ಏನೂ ಆಗುವುದಿಲ್ಲ. ಶೆಡ್ಡಿನ ಬಿಸಿಲಿಗೆ ಟೇಪಿನ ಅಂಟು ಕರಗಿತ್ತು. ಸುರುಳಿ ಜಾರಿ ಜಾರಿ ಸ್ಟಿಕ್ಕಿನ ಬುಡದ ಸಂದಿನ ಬಾಯಿಗೆ ಬಂದು ನಿಂತಿತ್ತು. ಸ್ಟಿಕ್ಕೆಂದರೆ ವಿಮಾನದ ಮೂಗನ್ನು ಏಳಿಸುವ, ಇಳಿಸುವ ಹಿಡಿ. ನೆಲ ಮುಟ್ಟುವ ಹೊತ್ತಿಗೆ ಅದನ್ನು ಹೊಟ್ಟೆಯ ತನಕ ಎಳೆದುಕೊಳ್ಳಬೇಕು, ಆಗಲೇ ಮೂಗು ಮೇಲೇಳುವುದು. ಇನ್ನೊಂದು ಬೆರಳಿನಷ್ಟು ಜಾರಿ ಸಂದಿಗೆ ಸಿಕ್ಕಿಕೊಂಡಿದ್ದರೆ ಸ್ಟಿಕ್ಕು ಅರ್ಧದಲ್ಲೇ ನಿಲ್ಲುತ್ತಿತ್ತು, ಮೂಗು ನೇರ ನೆಲಕ್ಕೆ.

"ಇಳಿಯೋದಕ್ಕೆ ಜಿಪುಣತನ ಮಾಡ್ಬಿಟ್ಟಿದ್ದೆ ಕಣೇ," ಎಂದರು ಡ್ರೈವರು. "ಹಲಗೆ ಬಿಚ್ಚೋ ಯೋಚನೇನೇ ನನಗಿರ್ಲಿಲ್ಲ. ಎಲ್ಲಾ ಮುಗೀತು ಅಂತ ಮುಚ್ಚಿ ಆಗಿತ್ತು. ನಿನ್ನ ತಮ್ಮ ಊದದೇ ಇದ್ದಿದ್ರೆ..."

ಹೆಂಡತಿ ಟಾರ್ಚ್ ಆರಿಸಿ ಅವರ ಪಕ್ಕದಲ್ಲಿ ಕೂತರು. ಆಮೇಲೆ ಆಕೆ ಹೇಳಿದ್ದು ಇಷ್ಟೇ: "ಹೋಗಿ ಅವನಿಗೆ ಹೇಳಿ ಬನ್ನಿ. ನಾನು ಹೇಳಿದ್ರೆ ನಂಬಲ್ಲ."

ಬ್ಯಾಂಡ್ ಸೆಟ್ಟಿನವರು ಅಭ್ಯಾಸ ಮಾಡುತ್ತಿದ್ದುದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಡ್ರೈವರು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗ ಭಾವಮೈದ ತುತ್ತೂರಿ ಒರೆಸುತ್ತ ಕೂತಿದ್ದ. ನೋಡಿದವನೇ ಎದ್ದು ನಿಂತ.

"ಅಕ್ಕ ಕಳಿಸಿದ್ಲಾ ಭಾವ?"

"ಅವಳೂ ಹೇಳಿದ್ಲು. ಹೇಳದೇ ಇದ್ದಿದ್ರೂ ಬರ್ತಿದ್ದೆ." ಜೇಬಿನಿಂದ ಕತ್ತರಿಸಿದ ಪೈಪಿನ ಸುರುಳಿ ತೆಗೆದು ಅವನ ಕೈಗಿಟ್ಟು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಅವನು ಪೈಪನ್ನೇ ನೋಡುತ್ತಿದ್ದ.

"ನನ್ನ ಸಮಾಧಾನಕ್ಕೆ ಕಥೆ ಕಟ್ತಿದ್ದೀರ."

"ನನಗೆ ಕಥೆ ಕಟ್ಟೋಕೆ ಬರ್ತಿದ್ರೆ ಬಸ್ ಯಾಕೋ ಓಡಿಸ್ತಿದ್ದೆ? ನಾನು ಅವತ್ತು ಆಡಿದ್ದು ಕೆಟ್ಟ ಮಾತು. ತಪ್ಪಾಯ್ತು."

"ನೀವು ಹೇಳಿದ್ದು ನಿಜಾನೇ. ಊದೋದು ಬಿಟ್ರೆ ನನಗೇನೂ ಬರಲ್ಲ ಭಾವ."

"ಸದ್ಯ! ಬರದೇ ಇದ್ದದ್ದೇ ನನ್ನ ಪುಣ್ಯ. ಬೇರೇನಾದ್ರೂ ಬಂದಿದ್ರೆ ನೀನು ಮೆಲ್ಲಗೆ ಊದಿರ್ತಿದ್ದೆ, ನಾನು ಸತ್ತಿರ್ತಿದ್ದೆ."

ಅವನು ನಗಲು ಹೋಗಿ ಅತ್ತ. ಡ್ರಮ್ಮಿನವನು ತನಗೇನೂ ಕಾಣುತ್ತಿಲ್ಲ ಎಂಬಂತೆ ಕಿಟಕಿಯ ಕಡೆ ತಿರುಗಿದ. ಆ ಭಾನುವಾರ ಭಾವಮೈದ ಅಕ್ಕನ ಮನೆಗೆ ಬಂದು, ಬಡಿಸಿದ್ದನ್ನೆಲ್ಲ ಉಂಡು ಮತ್ತೆ ಕೇಳಿ ಹಾಕಿಸಿಕೊಂಡ.

ಹೊಸ ಮೀಟರಿಗೆ ಕೈಯಲ್ಲಿ ಕಾಸಿರಲಿಲ್ಲ. ಮೇಷ್ಟ್ರು, ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಸುಮ್ಮನೆ ಬಿದ್ದಿದ್ದ ತಮ್ಮ ಹಳೆಯ ವಿಮಾನದಿಂದ ವೇಗದ ಮೀಟರು ಬಿಚ್ಚಿ ಪರೀಕ್ಷೆ ಮಾಡಿಸಿ ಕೊಟ್ಟರು. "ಅದಕ್ಕೂ ವಯಸ್ಸಾಯ್ತು, ನನಗೂ ಆಯ್ತು. ಮೀಟರಾದ್ರೂ ಹಾರ್ಲಿ ಬಿಡಯ್ಯಾ," ಎಂದರು. ಡ್ರೈವರು ಅವರ ಎರಡೂ ಕೈ ಹಿಡಿದುಕೊಂಡರು. ಪೈಪನ್ನು ಈ ಸಲ ಅಳೆದು ಕತ್ತರಿಸಿ, ಕ್ಲಿಪ್ ಹಾಕಿ ಬಿಗಿದರು. ಸೋರುತ್ತದೆಯೇ ಎಂದು ನೋಡಲು ಹೆಂಡತಿ ಆಸ್ಪತ್ರೆಯ ಸಿರಿಂಜಿನಿಂದ ಹನಿಹನಿಯಾಗಿ ಗಾಳಿ ಒತ್ತಿದರು. ಮಗುವಿಗೆ ಔಷಧಿ ಕುಡಿಸುವಷ್ಟು ನಿಧಾನ. ಮುಳ್ಳು ಎದ್ದು, ನಿಂತು, ಬಿಟ್ಟಾಗ ತಾನಾಗಿ ಕೆಳಗಿಳಿಯಿತು. ಹಾರಲು ಅನುಮತಿ ಕೊಡುವ ಅಧಿಕಾರಿಗಳು ತಪಾಸಣೆಗೆ ಬಂದು ಮೂಲೆ ಮೂಲೆ ಜಾಲಾಡಿ ಸಹಿ ಹಾಕಿದರು.

ಮೊದಲ ಹಾರಾಟಕ್ಕೆ ಒಬ್ಬರೇ ಹೋಗಬೇಕು. ಗಾಳಿಯಿಲ್ಲದ ಒಂದು ಬೆಳಿಗ್ಗೆ, ಮೇಷ್ಟ್ರ ಮೈದಾನಕ್ಕೆ ಸಾಗಿಸಿ ತಂದಿದ್ದ ವಿಮಾನವನ್ನು ಡ್ರೈವರು ಹತ್ತಿ ಕೂತರು. ಹುಲ್ಲಿನ ಮೇಲೆ ಕುಲುಕಾಡುತ್ತ ಓಡಿದ ವಿಮಾನದ ಕುಲುಕಾಟ ಒಮ್ಮೆಲೇ ನಿಂತಿತು. ನೆಲ ಬಿಟ್ಟಿತ್ತು! ತಾವು ಕೊಯ್ದ ಮರ, ತಾವು ಬಿಗಿದ ಬಟ್ಟೆ ತಮ್ಮನ್ನೇ ಹೊತ್ತುಕೊಂಡು ಹೋಗುತ್ತಿದೆ. ಮೈದಾನದ ಮೇಲೆ ಅಗಲವಾಗಿ ಸುತ್ತು ಹಾಕಿದರು. ಕೆಳಗೆ ಮೂರು ಚುಕ್ಕೆ ಕಂಡವು: ಹೆಂಡತಿ, ಅವಳ ತಮ್ಮ, ಮೇಷ್ಟ್ರು. ಇವರು ಇಲ್ಲದಿದ್ದರೆ ನಾನು ಎಲ್ಲಿರುತ್ತಿದ್ದೆ ಎಂದುಕೊಂಡಾಗ ಎದೆ ತುಂಬಿ ಬಂತು.

ಆಮೇಲೆ ಇಳಿಯುವ ಸರದಿ. ಹುಲ್ಲು ಎದ್ದು ಬಂದ ಹಾಗೆ ಹತ್ತಿರವಾಯಿತು. ಡ್ರೈವರು ಸ್ಟಿಕ್ಕನ್ನು ಎಳೆದುಕೊಂಡರು. ಅರ್ಧಕ್ಕೆ ಬಂತು. ಆ ಅರ್ಧದಲ್ಲಿ ಅವರ ಉಸಿರು ನಿಂತಿತ್ತು. ಅರ್ಧ ದಾಟಿತು. ಇನ್ನೂ ಬಂತು. ಹೊಟ್ಟೆಗೆ ತಾಗಿತು. ಮೂಗು ಮೇಲೆದ್ದಿತು, ಚಕ್ರ ಹುಲ್ಲು ಮುಟ್ಟಿತು.

ಎಂಜಿನ್ ಆರಿಸಿದ ಮೇಲೂ ಅವರು ಇಳಿಯಲಿಲ್ಲ. ಸ್ಟಿಕ್ಕನ್ನು ಮುಂದೆ ತಳ್ಳುವುದು, ಹೊಟ್ಟೆಗೆ ಎಳೆಯುವುದು, ಮತ್ತೆ ತಳ್ಳುವುದು, ಮತ್ತೆ ಎಳೆಯುವುದು. ನಿಂತ ವಿಮಾನದ ಬಾಲದ ರೆಕ್ಕೆ ಏಳುತ್ತ ಬೀಳುತ್ತ ಇರುವುದನ್ನು ದೂರದಿಂದ ಕಂಡ ಹೆಂಡತಿ ಏನೋ ಕೆಟ್ಟಿದೆ ಎಂದು ಓಡಿ ಬಂದರು. ಹಿಂದೆಯೇ ತಮ್ಮನೂ ಓಡಿ ಬಂದ.

"ಏನಾಯ್ತ್ರೀ? ಯಾಕೆ ಇಳೀತಿಲ್ಲ? ಏನಾಯ್ತು ಹೇಳ್ರೀ!"

ಡ್ರೈವರು ತಿರುಗಿ ಅವರಿಬ್ಬರನ್ನೂ ನೋಡಿದರು. ಕಣ್ಣೀರು ಕೆನ್ನೆಯ ಮೇಲೆ ಧಾರೆಯಾಗಿ ಇಳಿಯುತ್ತಿತ್ತು.

"ಏನೂ ಆಗ್ಲಿಲ್ಲ ಕಣೇ," ಎಂದರು. "ನೋಡೋ, ಏನೂ ಆಗ್ಲಿಲ್ಲ."