ಮಂಜಿನ ಹುಡುಗಿಗೆ ಮಂಗಳ

ನಮ್ಮ ಅಪ್ಪನಿಗೆ ಎರಡು ಚಟಗಳಿದ್ದವು. ಒಂದು ನಶ್ಯ, ಇನ್ನೊಂದು ಪುರಾಣ ಓದುವುದು. ನಶ್ಯವನ್ನು ಅಮ್ಮ ಹೇಗೋ ಬಿಡಿಸಿದಳು. ಪುರಾಣ ಬಿಡಿಸಲು ಅವಳಿಂದಲೂ ಆಗಲಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಜಯನಗರದ ನಮ್ಮ ಬಾಡಿಗೆ ಮನೆಯ ವರಾಂಡವೇ ಅವರ ತರಗತಿಯಾಯಿತು. ಸಂಜೆ ದೇವರಿಗೆ ದೀಪ ಹಚ್ಚಿದ ಕೂಡಲೇ ಚಾಪೆ ಹಾಸಿ, ಮರದ ವ್ಯಾಸಪೀಠದ ಮೇಲೆ ಪುಸ್ತಕ ಬಿಡಿಸಿಟ್ಟು, ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಬೀದಿಗೆ ಟೀವಿ ಬಂದಿರಲಿಲ್ಲ. ಹಾಗಾಗಿ ಬೀದಿಯ ಹೆಂಗಸರೆಲ್ಲ ಹುಳಿಗೆ ಒಗ್ಗರಣೆ ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಮ್ಮ ಮನೆಗೆ ಬರುತ್ತಿದ್ದರು. ಪುಟ್ಟೇನಹಳ್ಳಿಯಿಂದ ಹಾಲು ತರುತ್ತಿದ್ದ ಹಾಲಮ್ಮನೂ ಖಾಲಿ ಕ್ಯಾನು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಎಲ್ಲರಿಗಿಂತ ಮೊದಲು ಬಂದು ಗೋಡೆಗೆ ಒರಗುವ ಜಾಗ ಹಿಡಿಯುತ್ತಿದ್ದವರು ಎದುರುಮನೆ ಅಜ್ಜಿ. ಅವರ ಹಿಂದೆ, ಬಾಗಿಲ ಹತ್ತಿರ, ಅವರ ಸೊಸೆ. ನಾನು ಆ ಸೊಸೆಯನ್ನು ಅಕ್ಕ ಎಂದು ಕರೆಯುತ್ತಿದ್ದೆ.

ಆ ವರ್ಷ ಮನೆಯಲ್ಲಿದ್ದ ಪುರಾಣಗಳೆಲ್ಲ ಒಂದು ಸುತ್ತು ಮುಗಿದವು. ಮತ್ತೆ ಮೊದಲಿನಿಂದ ಶುರು ಮಾಡುವ ಬದಲು ಅಪ್ಪ, ನಾನು ಲೈಬ್ರರಿಯಿಂದ ತಂದಿದ್ದ ಇಂಗ್ಲಿಷ್ ಪುಸ್ತಕವೊಂದನ್ನು ಎತ್ತಿಕೊಂಡರು. ದೇಶದೇಶಗಳ ಜಾನಪದ ಕಥೆಗಳ ದಪ್ಪ ಪುಸ್ತಕ ಅದು. ನನಗೆ ಆಗ ಇಪ್ಪತ್ತೆರಡು ವರ್ಷ, ಬಿ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದೆ, ಯಾರು ಏನು ಹೇಳಿದರೂ ಮೂಗಿನ ತುದಿಯಲ್ಲಿ ಕೋಪ. ಮೊದಲ ಸಂಜೆಯೇ ಅಮ್ಮ ಎಂದಿನಂತೆ ಪುಸ್ತಕಕ್ಕೆ ಕುಂಕುಮ ಹಚ್ಚಿ ಮೇಲೊಂದು ದಾಸವಾಳ ಇಟ್ಟಾಗ ನಾನು ಕೂಗಾಡಿಬಿಟ್ಟೆ.

"ಅಮ್ಮಾ, ಅದು ಲೈಬ್ರರಿ ಪುಸ್ತಕ!"

"ಇದ್ರೆ ಇರ್ಲಿ ಬಿಡೇ. ಕಥೆ ತಾನೇ? ಸರಸ್ವತಿ ಮೆಂಬರ್‌ಶಿಪ್ ನೋಡಿ ಬರ್ತಾಳಾ?" ಎಂದಳು ಅಮ್ಮ.

ಅಪ್ಪ ಇಂಗ್ಲಿಷಿನಲ್ಲಿ ಕಣ್ಣಾಡಿಸುತ್ತ ಅಲ್ಲೇ ಕನ್ನಡ ಮಾಡಿ ಹೇಳುತ್ತಿದ್ದರು. ಅದೂ ಎಂಥ ಕನ್ನಡ! ಜರ್ಮನಿಯ ತೋಳ "ಎಲೈ ಬಾಲೆಯೇ" ಎಂದು ಮಾತಾಡುತ್ತಿತ್ತು. ಅರಬ್ಬೀ ವರ್ತಕರು ಬೀಗರ ಹಾಗೆ ಕಾಲು ತೊಳೆದುಕೊಂಡು ಊಟಕ್ಕೆ ಕೂರುತ್ತಿದ್ದರು. ಆಫ್ರಿಕಾದ ಜೇಡರಹುಳು ಆಕಾಶದ ದೇವರಿಂದ ಲೋಕದ ಕಥೆಗಳನ್ನೆಲ್ಲ ಗಿಟ್ಟಿಸಿಕೊಂಡಾಗ ಅಜ್ಜಿ ತೊಡೆ ತಟ್ಟಿ ನಕ್ಕು, ನಮ್ಮ ಮನೆಯ ಮೂಲೆಯಲ್ಲಿದ್ದ ಜೇಡವನ್ನು ಪೊರಕೆಯಿಂದ ಓಡಿಸದಂತೆ ಅಮ್ಮನಿಗೆ ತಾಕೀತು ಮಾಡಿದರು.

ಪುಸ್ತಕ ಬದಲಾದರೂ ಪುರಾಣದ ಕಟ್ಟಳೆ ಬದಲಾಗಲಿಲ್ಲ. ಮೊದಲನೆಯದು, ಯಾವ ಕಥೆಯನ್ನೂ ಹಾರಿಸುವಂತಿಲ್ಲ. ಎರಡನೆಯದು, ಸಾವು, ಅಳು, ಅಗಲಿಕೆ ಬಂದ ಕಡೆ ಆ ದಿನದ ಓದು ನಿಲ್ಲಿಸುವಂತಿಲ್ಲ. ಒಂದು ಮದುವೆಯೋ, ಹುಟ್ಟೋ, ಪಟ್ಟಾಭಿಷೇಕವೋ ಬರುವ ತನಕ ಓದಿ, ಮಂಗಳ ಹಾಡಿಯೇ ಏಳಬೇಕು. ಹೀಗಾಗಿ ತೋಳ ಅಜ್ಜಿಯನ್ನು ನುಂಗಿದ ಸಂಜೆ ಯಾರೂ ಮೇಲೇಳಲಿಲ್ಲ. ಒಬ್ಬರ ಗಂಡ ಮನೆಗೆ ಬೀಗ ಹಾಕಿದ್ದು ನೋಡಿ ನಮ್ಮ ಗೇಟಿಗೇ ಬಂದು ನಿಂತರು. "ಒಂದ್ನಿಮಿಷ ಇರ್ರೀ, ಅಜ್ಜಿ ಹೊಟ್ಟೆಯಿಂದ ಆಚೆ ಬರ್ಲಿ" ಎಂದು ಹೆಂಡತಿ ಗದರಿದರು. ಪಾಪ, ಆ ಮನುಷ್ಯ ಚಪ್ಪಲಿ ಬಿಟ್ಟು ತಾವೂ ಕೂತರು.

ಇಷ್ಟು ನಗುವಿನ ನಡುವೆ ಅಕ್ಕನ ಎದೆಯಲ್ಲಿ ಬೇರೆಯೇ ಒಂದು ಕುದಿತವಿತ್ತು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಒಂದು ದಿನ ತರಕಾರಿ ತರಲು ಶಾಪಿಂಗ್ ಕಾಂಪ್ಲೆಕ್ಸಿಗೆ ಹೋಗಿದ್ದಾಗ, ಹುರುಳೀಕಾಯಿ ಆರಿಸುತ್ತ ಆರಿಸುತ್ತಲೇ ನನಗೆ ಹೇಳಿಬಿಟ್ಟರು.

"ಒಂದು ಅನಾಥಾಶ್ರಮದಲ್ಲಿ ಮಗು ನೋಡ್ಕೊಂಡು ಬಂದ್ವಿ ಕಣೇ. ಹೆಣ್ಣು ಮಗು. ಇವರೂ ಒಪ್ಪಿದಾರೆ. ಅತ್ತೆ ಹೂಂ ಅನ್ಬೇಕು ಅಷ್ಟೆ."

"ಅಂದ್ರಾ?"

"ಯಾವ ಕುಲವೋ ಯಾವ ಗೋತ್ರವೋ, ನಾನಿರೋ ತನಕ ಹೊಸಿಲು ದಾಟಕೂಡದು ಅಂದ್ರು. ಇವರಿಗೆ ಅಮ್ಮನ ಮಾತು ಮೀರೋಕೆ ಆಗಲ್ಲ. ಆಶ್ರಮದವರು ತಿಂಗಳ ಕೊನೆ ತನಕ ಕಾಯ್ತೀವಿ, ಆಮೇಲೆ ಬೇರೆಯವರಿಗೆ ಕೊಡ್ತೀವಿ ಅಂದಿದಾರೆ."

ಹೇಳುತ್ತ ಹೇಳುತ್ತ ಬೇಕಾದದ್ದಕ್ಕಿಂತ ಜಾಸ್ತಿ ಹುರುಳೀಕಾಯಿ ಬುಟ್ಟಿಗೆ ಹಾಕಿದ್ದರು. ನನಗೆ ಅಜ್ಜಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ದಿನಾ ಸಂಜೆ ಕಥೆಯ ಮಕ್ಕಳಿಗಾಗಿ ಕಣ್ಣೀರು ಸುರಿಸುವ ಹೆಂಗಸು, ಮನೆ ಬಾಗಿಲಿಗೆ ಬರುವ ಮಗುವಿಗೆ ಗೋತ್ರ ಕೇಳುತ್ತಾರಲ್ಲ ಎಂದು.

ಪುಸ್ತಕದ ಪರಿವಿಡಿ ನೋಡಿದರೆ ಮಕ್ಕಳಿಲ್ಲದ ಮುದುಕ ಮುದುಕಿಯರು ಇಲ್ಲದ ದೇಶವೇ ಇಲ್ಲ. ಅಂಥ ಕಥೆಗಳನ್ನೇ ಮೊದಲು ಓದಿ ಎಂದು ಅಪ್ಪನಿಗೆ ದುಂಬಾಲು ಬಿದ್ದೆ. ಕಾರಣ ಹೇಳಲಿಲ್ಲ, ಹೇಳಿದ್ದರೆ ಅವರು ಅದನ್ನೂ ವರಾಂಡದಲ್ಲಿ ವ್ಯಾಖ್ಯಾನ ಮಾಡಿಬಿಡುತ್ತಿದ್ದರು. "ಹಾರಿಸಿ ಓದೋದು ಪರೀಕ್ಷೆಗೆ ಓದೋ ಹುಡುಗರ ಕೆಲಸ" ಎಂದು ಅಪ್ಪ ಕನ್ನಡಕ ಏರಿಸಿಕೊಂಡರು. ಆದರೆ ನನ್ನ ಅದೃಷ್ಟಕ್ಕೆ ಮಾರನೆಯ ವಾರ ಸರದಿಯಲ್ಲೇ ಜಪಾನಿನ ಕಥೆ ಬಂತು. ನದಿಯಲ್ಲಿ ತೇಲಿಬಂದ ದೊಡ್ಡ ಪೀಚ್ ಹಣ್ಣನ್ನು ಮುದುಕಿಯೊಬ್ಬಳು ಮನೆಗೆ ತಂದು ಕೊಯ್ಯಲು ಹೋದರೆ ಒಳಗೊಂದು ಗಂಡುಮಗು. ಪೀಚ್ ಎಂದರೆ ಯಾರಿಗೂ ತಿಳಿಯದೆ ಅಪ್ಪ ಅದನ್ನು ಮಾವಿನಹಣ್ಣು ಮಾಡಿದರು.

"ಮಿಕ್ಕಿದ್ ಹಣ್ಣ ಏನ್ ಮಾಡುದ್ರು ಸ್ವಾಮಿ? ತಿಂದ್ರಾ?" ಹಾಲಮ್ಮ ಮೆಟ್ಟಿಲಿಂದ ಕೇಳಿದಳು.

ಅಪ್ಪ ಪುಸ್ತಕದಲ್ಲಿ ಹುಡುಕಿದರು. ಬರೆದಿರಲಿಲ್ಲ. ತಿನ್ನಬಹುದೋ ತಿನ್ನಬಾರದೋ ಎಂದು ವರಾಂಡ ಎರಡು ಪಕ್ಷವಾಯಿತು. ಆ ಗಲಾಟೆಯಲ್ಲೇ ನಾನು ಅಜ್ಜಿಯ ಪಕ್ಕಕ್ಕೆ ಸರಿದು, "ಆ ಮುದುಕಿ ಗೋತ್ರ ಕೇಳ್ಲಿಲ್ಲ ನೋಡಿ ಅಜ್ಜಿ" ಎಂದೆ.

ಅಜ್ಜಿಗೆ ತಕ್ಷಣ ಅರ್ಥವಾಯಿತು. ನನ್ನನ್ನು ನೋಡಲಿಲ್ಲ, ಬಾಗಿಲ ಹತ್ತಿರ ಕೂತಿದ್ದ ಸೊಸೆಯನ್ನು ನೋಡಿದರು.

"ಹಣ್ಣಲ್ಲಿ ಬಂದದ್ದು ದೇವರು ಕೊಟ್ಟದ್ದು. ಆಶ್ರಮದಲ್ಲಿರೋದು ಮನುಷ್ಯರು ಬಿಟ್ಟು ಹೋಗಿದ್ದು. ಎರಡನ್ನೂ ಒಂದೇ ತಕ್ಕಡೀಲಿ ತೂಗ್ಬೇಡ."

ಅಕ್ಕ ತಲೆ ತಗ್ಗಿಸಿದರು. ಮಾರನೆಯ ಸಂಜೆ ಅವರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅಜ್ಜಿ ಮಾತ್ರ ಏನೂ ಆಗದವರ ಹಾಗೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ನನ್ನ ಬಾಯಿಗೆ ಬೀಗ ಹಾಕಬೇಕೆನ್ನಿಸಿತು, ಅಜ್ಜಿಯ ಬಾಯಿಗೂ.

ತಿಂಗಳು ಮುಗಿಯುತ್ತ ಬಂತು. ಆ ಸಂಜೆ ಅಕ್ಕ ಮತ್ತೆ ಬಂದಿದ್ದರು. ಮನೆಯಲ್ಲಿ ಒಬ್ಬರೇ ಕೂತಿರಲು ಆಗಲಿಲ್ಲವೆಂದು ಕಾಣುತ್ತದೆ. ಸರದಿಯಲ್ಲಿ ಬಂದದ್ದು ರಷ್ಯಾದ ಕಥೆ. ಮಕ್ಕಳಿಲ್ಲದ ಮುದುಕ ಮುದುಕಿ ಅಂಗಳದಲ್ಲಿ ಬಿದ್ದ ಮಂಜನ್ನು ಗುಡ್ಡೆ ಮಾಡಿ ಒಂದು ಹುಡುಗಿಯ ಗೊಂಬೆ ಮಾಡುತ್ತಾರೆ. ಗೊಂಬೆ ಕಣ್ಣು ಬಿಡುತ್ತದೆ, ನಗುತ್ತದೆ, ಅಮ್ಮಾ ಎನ್ನುತ್ತದೆ. ಮಂಜು ಎಂದರೆ ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಕಾಣುವುದಲ್ಲ, ಬೂರುಗದ ಹತ್ತಿಯ ಹಾಗೆ ಬೀಳುತ್ತದೆ, ಐಸ್‌ಕ್ಯಾಂಡಿಯ ಹಾಗೆ ತಣ್ಣಗಿರುತ್ತದೆ ಎಂದು ಅಪ್ಪ ವಿವರಿಸಿದರು. ಅವರೂ ನೋಡಿರಲಿಲ್ಲ. ಮುದುಕಿ ಮಗಳಿಗೆ ಜಡೆ ಹಾಕುವುದು, ಹೊಸ ಲಂಗ ಹೊಲಿಯುವುದು ಎಲ್ಲ ಬಂತು. ಲಂಗಕ್ಕೆ ಅಪ್ಪ ತಾವಾಗಿ ಜರಿ ಅಂಚು ಸೇರಿಸಿದರು. ಅಜ್ಜಿಯ ಮುಖ ಅರಳಿತ್ತು.

ಆಮೇಲೆ ಬೇಸಿಗೆ ಬಂತು. ಓರಗೆಯ ಹುಡುಗಿಯರು ಕಾಡಿಗೆ ಕರೆದರು. ಅಲ್ಲಿ ಬೆಂಕಿ ಹಾಕಿ ಒಬ್ಬೊಬ್ಬರೇ ಹಾರಿದರು. ಇವಳೂ ಹಾರಿದಳು. ಗೆಳತಿಯರು ತಿರುಗಿ ನೋಡಿದರೆ ಹುಡುಗಿ ಇಲ್ಲ. ಬೆಂಕಿಯ ಮೇಲೆ ಸ್ವಲ್ಪ ಆವಿ, ಅಷ್ಟೆ. ಮುದುಕಿ ಕಾಡಿನ ತುಂಬ ಮಗಳನ್ನು ಕೂಗಿಕೊಂಡು ಅಲೆದಳು.

ಅಪ್ಪ ಹಾಳೆ ತಿರುವಿದರು. "ಮುಂದಿನದು ಟರ್ಕಿ ದೇಶದ ಕಥೆ" ಎಂದರು ಮೆಲ್ಲಗೆ.



"ಮಗು?" ಅಜ್ಜಿ ಕೇಳಿದರು.

"ಕರಗಿ ಹೋಯ್ತಲ್ಲ ಅಜ್ಜಿ. ಕಥೆ ಅಲ್ಲಿಗೇ ಮುಗೀತು."

"ಹಾಗೆ ಮುಗಿಸೋ ಹಾಗಿಲ್ಲ ಮೇಷ್ಟ್ರೇ. ಮುಂದೆ ಹೇಳಿ."

ಅಪ್ಪ ಇಕ್ಕಟ್ಟಿಗೆ ಸಿಕ್ಕಿದರು. ಟರ್ಕಿಯ ಕಥೆಯ ಮೇಲೆ ಕಣ್ಣಾಡಿಸಿ, "ಇದರಲ್ಲಿ ಎರಡನೇ ಪುಟಕ್ಕೇ ರಾಜಕುಮಾರಿ ಮದುವೆ ಇದೆ. ಅಲ್ಲಿ ತನಕ ಓದಿ ಮಂಗಳ ಹಾಡೋಣವೇ?" ಎಂದರು. ಹಿಂದೆ ಎಷ್ಟೋ ಸಲ ಹೀಗೆ ನಡೆದಿತ್ತು.

"ಬೇರೆಯವರ ಮನೆ ಮದುವೆ ಇಟ್ಕೊಂಡು ಈ ಮುದುಕಿ ಏನ್ ಮಾಡ್ಲಿ?" ಅಜ್ಜಿಯ ಧ್ವನಿ ಏರಿತು. "ಕಾಡಲ್ಲಿ ಕೂಗ್ತಾ ಇದಾಳೆ ಅವಳು. ಅವಳನ್ನ ಅಲ್ಲೇ ಬಿಟ್ಟು ನಾವು ಊಟಕ್ಕೆ ಹೋಗೋದಾ?"

"ಮುಂದಿನ್ ವರ್ಸ ಮಂಜು ಬೀಳಾಕಿಲ್ವಾ ಅಮ್ಮಾರೇ? ಇನ್ನೊಂದ್ ಮಾಡ್ಕತ್ತಾಳೆ ಬುಡಿ" ಎಂದಳು ಹಾಲಮ್ಮ.

"ಆಮೇಲೆ ಬೇಸಿಗೆ ಬರಲ್ವೇನೇ? ಎಷ್ಟು ಸಲ ಅಂತ ಹೆತ್ತು ಕಳ್ಕೊಳ್ತಾಳೆ? ಕರಗೋ ಮಗು ಬೇಡ ಅವಳಿಗೆ. ಅನ್ನ ತಿನ್ನೋ ಮಗು ಬೇಕು. ಬೈದ್ರೆ ಅಳೋ ಮಗು. ಜ್ವರ ಬಂದ್ರೆ ಮೈ ಬಿಸಿಯಾಗೋ ಮಗು."

"ಅಂಥ ಮಗು ಎಲ್ಲಿಂದ ತರ್ತಾಳೆ ಅತ್ತೆ?"

ಕೇಳಿದವರು ಅಕ್ಕ. ಇಡೀ ವರಾಂಡ ಬಾಗಿಲ ಕಡೆ ತಿರುಗಿತು. ಅಷ್ಟು ತಿಂಗಳಲ್ಲಿ ಅವರು ಕಥೆಯ ನಡುವೆ ಬಾಯಿ ಬಿಟ್ಟದ್ದು ಅದೇ ಮೊದಲು. ಅಜ್ಜಿ ತಿರುಗಲಿಲ್ಲ. ಸೆರಗನ್ನು ಬಿಚ್ಚಿ ಮತ್ತೆ ಹೊದ್ದುಕೊಂಡರು. ಚಾಪೆಯ ಅಂಚಿನಲ್ಲಿ ಎದ್ದಿದ್ದ ಒಂದು ಎಳೆಯನ್ನು ಕಿತ್ತರು. ನಾನು ಏನಾದರೂ ಹೇಳಿಬಿಡುತ್ತೇನೆಂದು ಹೆದರಿ ಅಮ್ಮ ನನ್ನ ತೊಡೆ ಚಿವುಟಿದಳು. ಆಗ ತಿಳಿಯಿತು, ಅಮ್ಮನಿಗೂ ವಿಷಯ ಗೊತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು.

"ಎಲ್ಲಿದೆಯೋ ಅಲ್ಲಿಂದ ತರ್ತಾಳೆ" ಎಂದರು ಅಜ್ಜಿ ಕೊನೆಗೆ.

ಗೊತ್ತಿಲ್ಲದವರು ಅಪ್ಪ ಒಬ್ಬರೇ. ಅವರಿಗೆ ಕಥೆ ಸರಿಯಾಗಿ ಕೂರಬೇಕಿತ್ತು. ಕನ್ನಡಕ ಹಣೆಗೆ ಏರಿಸಿ, ತರಗತಿಯಲ್ಲಿ ಕೇಳುವ ಹಾಗೆ ಕೇಳಿದರು. "ಅಲ್ಲ ಅಜ್ಜಿ, ಆ ಮಗು ಯಾರದು, ಯಾವ ಜನ, ಅದೆಲ್ಲ ವಿಚಾರಿಸೋದಿಲ್ಲವೇ ಅವಳು?"

ನಾನು ಅಮ್ಮನ ಕೈ ಹಿಡಿದುಕೊಂಡೆ.

"ವಿಚಾರಿಸ್ತಾ ಕೂತ್ರೆ ಆಗತ್ತಾ ಮೇಷ್ಟ್ರೇ? ಮಗು ಹಸಿದಿರತ್ತೆ" ಎಂದರು ಅಜ್ಜಿ. ಕಣ್ಣು ಒರೆಸಿಕೊಂಡು, "ಮನೆಗೆ ಕರ್ಕೊಂಡು ಬಂದ್ಲು ಅಂತ ಹೇಳಿ. ಮಂಗಳ ಹಾಡಿ."

ಅಪ್ಪ ಪುಸ್ತಕ ಮುಚ್ಚಿ, ಅದರಲ್ಲಿಲ್ಲದ ವಾಕ್ಯವನ್ನು ಅದರಲ್ಲಿದ್ದಷ್ಟೇ ಗಂಭೀರವಾಗಿ ಹೇಳಿದರು. ಆ ಮುದುಕಿಯು ಮಗುವನ್ನು ಮನೆಗೆ ಕರೆತಂದು ನೂರು ಕಾಲ ಸುಖವಾಗಿ ಬಾಳಿದಳು. ಮಂಗಳ ಹಾಡುವಾಗ ಯಾರ ಸ್ವರವೂ ನೆಟ್ಟಗಿರಲಿಲ್ಲ. ನಾನು ಜೋರಾಗಿ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಅಕ್ಕ ಮಾತ್ರ ಅಳಲಿಲ್ಲ. ಎದ್ದು ಬಂದು ಅತ್ತೆಗೆ ಕೈ ಕೊಟ್ಟು ಎಬ್ಬಿಸಿ, ಮೆಟ್ಟಿಲು ಇಳಿಸಿಕೊಂಡು ರಸ್ತೆ ದಾಟಿಸಿದರು. ಎಲ್ಲರೂ ಹೋದ ಮೇಲೆ ಅಪ್ಪ, "ಯಾಕೆ ಎಲ್ಲರೂ ಇಷ್ಟು ಅತ್ತದ್ದು? ಅಷ್ಟು ಚೆನ್ನಾಗಿ ಓದಿದೆನೇ?" ಎಂದು ಕೇಳಿದರು. ಅಮ್ಮ ಹೂಂ ಎಂದಳು.

ಮಗು ಬಂತು. ಎಂಟು ತಿಂಗಳ, ಗುಂಗುರು ಕೂದಲಿನ, ಗಂಟಲು ಗಟ್ಟಿಯಿದ್ದ ಹುಡುಗಿ. ಬಂದ ವಾರವೇ ಅಜ್ಜಿ ಅದನ್ನು ಸೊಂಟದ ಮೇಲೆ ಹೊತ್ತುಕೊಂಡು ಪುರಾಣಕ್ಕೆ ಬಂದರು. ಯಾರು ಕೈ ಚಾಚಿದರೂ ಅದು ಹೋಗಲಿಲ್ಲ. ವ್ಯಾಸಪೀಠದ ಮೇಲಿದ್ದ ಪುಸ್ತಕಕ್ಕೆ ಕೈ ಹಾಕಿ, ಬೇಡ ಎಂದದ್ದಕ್ಕೆ ಬೆನ್ನು ಬಿಲ್ಲು ಮಾಡಿ ಕಿರುಚಿತು. ಅಪ್ಪ ಓದು ನಿಲ್ಲಿಸಿ ಕಾಯಬೇಕಾಯಿತು. ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಆಂಟಿಯೊಬ್ಬರಿಗೆ ಏನೂ ಗೊತ್ತಿರಲಿಲ್ಲ. ಮಗುವಿನ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ ನೋಡಿ, ಎಲ್ಲರೂ ಕೇಳುವುದನ್ನೇ ಅವರೂ ಕೇಳಿದರು.

"ಮುದ್ದಾಗಿದೆ. ಯಾರ ಹಾಗಿದೆ ಅಜ್ಜಿ ಇದು? ಅಪ್ಪನ ಕಡೆಯೋ, ಅಮ್ಮನ ಕಡೆಯೋ?"

ಅಜ್ಜಿ ಕಿರುಚುತ್ತಿದ್ದ ಮಗುವನ್ನು ಎದೆಗೆ ಒತ್ತಿಕೊಂಡು, ಅದರ ಬೆನ್ನು ತಟ್ಟುತ್ತ ಹೇಳಿದರು.

"ಮುಖ ಅದರದೇ. ಹಠ ಮಾತ್ರ ನನ್ನದು."