ಅರಮನೆಯ ತೋಟದಲ್ಲಿ ಒಂದು ನಿದ್ದೆ

ನೆಂಟರು ಬಂದರೆ ಲೋಕದ ಮಿಕ್ಕ ಜನ ಕಾಫಿ ಕೊಟ್ಟು, ಕ್ಷೇಮಸಮಾಚಾರ ವಿಚಾರಿಸಿ ಹಗುರಾಗಬಹುದು. ಶ್ರೀರಂಗಪಟ್ಟಣದ ಮಗ್ಗುಲಿನ ಬಾಬುರಾಯನಕೊಪ್ಪಲಿನಲ್ಲಿ ಮನೆ ಮಾಡಿದ ನನ್ನಂಥವನಿಗೆ ಆ ಸೌಭಾಗ್ಯವಿಲ್ಲ. ಲೋಟ ಕೆಳಗಿಡುವ ಮೊದಲೇ ಅವರು ಕೋಟೆ, ಅರಮನೆ, ಗುಂಬಜ್, ಸಂಗಮ ಎಂದು ಬೆರಳು ಮಡಿಸತೊಡಗುತ್ತಾರೆ. ತೊಂಬತ್ತರ ದಶಕದ ಆ ಬೇಸಿಗೆ ರಜೆಗಳಲ್ಲಿ ಸುಲ್ತಾನರ ಅರಮನೆಯ ಗೋಡೆಯ ಯುದ್ಧಚಿತ್ರದ ಮುಂದೆ ನಾನು ಎಷ್ಟು ಸಲ ನಿಂತಿದ್ದೇನೆಂದರೆ, ಅದರೊಳಗಿನ ಕುದುರೆಗಳಿಗೂ ನನ್ನ ಗುರುತು ಹತ್ತಿರಬೇಕು. ಶಾಲೆಯಲ್ಲಿ ಇತಿಹಾಸ ಕಲಿಸುವವನು ರಜೆ ಬಂದೊಡನೆ ಇತಿಹಾಸದಿಂದ ತಲೆತಪ್ಪಿಸಿಕೊಳ್ಳಲು ಹವಣಿಸುತ್ತಿದ್ದ ಎಂಬುದು ನನ್ನ ಪಾಂಡಿತ್ಯಕ್ಕೆ ಶೋಭೆ ತರುವ ಮಾತೇನಲ್ಲ. ಆದರೆ ಪಾಂಡಿತ್ಯಕ್ಕೆ ಮಂಡಿನೋವು ಇರುವುದಿಲ್ಲ, ನನಗಿತ್ತು.

ಅಂಥದೊಂದು ಬೇಸಿಗೆಯಲ್ಲಿ ಅಕ್ಕಿಹೆಬ್ಬಾಳಿನಿಂದ ನನ್ನ ಅಕ್ಕ, ಭಾವ ಬೆಳಗಿನ ಬಸ್ಸಿಗೇ ಬಂದಿಳಿದರು. ಮನೆಯಲ್ಲಿ ಹಾಲು ಕರೆಯುವ ಹಸುಗಳಿದ್ದುದರಿಂದ ಅಕ್ಕ ಮದುವೆಗೋ ಸಾವಿಗೋ ಹೊರಟರೂ ಸಂಜೆಯ ಡೇರಿ ಹಾಲಿನ ಹೊತ್ತಿಗೆ ಓಡಿಹೋಗುತ್ತಿದ್ದವಳು. ಈ ಸಲ ಓರಗಿತ್ತಿ ಒಂದು ದಿನದ ಮಟ್ಟಿಗೆ ಕೊಟ್ಟಿಗೆ ನೋಡಿಕೊಳ್ಳಲು ಒಪ್ಪಿದ್ದಳು. ಪಟ್ಟಣ ತೋರಿಸುತ್ತೇನೆಂದು ಭಾವ ಮದುವೆಯಾದ ಹೊಸತರಲ್ಲಿ ಕೊಟ್ಟ ಮಾತು ಅಂತೂ ನೆರವೇರುವ ದಿನ ಬಂದಿತ್ತು.

"ಒಂದೂ ಬುಡಂಗಿಲ್ಲ ಕಣ್ಲಾ ಮೇಷ್ಟ್ರೇ, ಎಲ್ಲಾನೂ ತೋರುಸ್ಬುಡು. ಇವಳು ಇನ್ನೊಂದ್ಸಲ ಬರಾದು ಯಾವಾಗ್ಲೋ," ಎಂದರು.

ದೇವಸ್ಥಾನ, ಕೋಟೆ, ನೆಲದೊಳಗಿನ ಸೆರೆಮನೆ ಎಲ್ಲ ಆಯಿತು. ಭಾವ ಮುಂದೆ ಬೀಸುಗಾಲು ಹಾಕುತ್ತಿದ್ದರು, ನಾನು ನಡುವೆ ಏದುಸಿರು ಬಿಡುತ್ತಿದ್ದೆ, ಅಕ್ಕ ಹಿಂದೆ ಕಾಲೆಳೆದುಕೊಂಡು ಬರುತ್ತಿದ್ದಳು. ಬೇಸಿಗೆ ಅರಮನೆಯ ತೋಟಕ್ಕೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಕ್ಕ ಒಂದು ಮರದಡಿಯ ಹುಲ್ಲಿನ ಮೇಲೆ ಕುಳಿತು, "ಒಂದ್ ಗಳಿಗೆ ಕುಂತಿರ್ತೀನಿ, ನೀರ್ ತಕ್ಕ ಬನ್ನಿ," ಎಂದಳು. ನಾವು ನೀರು ಹಿಡಿದು ಬರುವಷ್ಟರಲ್ಲಿ ಕೈಚೀಲವನ್ನೇ ದಿಂಬು ಮಾಡಿಕೊಂಡು ಗಾಢನಿದ್ರೆಯಲ್ಲಿದ್ದಳು.

"ಲೇ ಅಮ್ಮಿ, ಏಳು. ಒಳಗೆ ಅರಮನೆ ನೋಡ್ಬೇಕು," ಎಂದು ಭಾವ ಬಗ್ಗಿದರು. ಭುಜ ಅಲುಗಿಸಲು ಚಾಚಿದ ಕೈ ಅರ್ಧದಲ್ಲೇ ನಿಂತಿತು. ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದರು.

"ಇವಳು ಮಲಗಿರಾದ್ನ ನಾನು ನೋಡೇ ಇಲ್ಲ ಕಣ್ಲಾ," ಎಂದರು ಮೆಲ್ಲಗೆ. "ನಾನ್ ಮಲಗಾವಾಗ ಪಾತ್ರೆ ತೊಳೀತಿರ್ತಾಳೆ. ಏಳಾವಾಗ ಕೊಟ್ಟಿಗೇಲಿರ್ತಾಳೆ."

ನೆರಳು ಸರಿದು ಬಿಸಿಲು ಅಕ್ಕನ ಹಣೆಗೆ ಬಂತು. ಭಾವ ಹೆಗಲ ಟವೆಲನ್ನು ಬಿಡಿಸಿ, ಎರಡು ಕೈಯಲ್ಲೂ ಹರಡಿ ಹಿಡಿದು ಅಡ್ಡ ನಿಂತರು. ನಾನು ಹಿಡಿಯುತ್ತೇನೆ, ನೀವು ಒಳಗೆ ಹೋಗಿ ನೋಡಿಬನ್ನಿ ಎಂದರೆ, "ನೀನ್ ಕುಂತ್ಕೊ," ಎಂದಷ್ಟೇ ಹೇಳಿದರು. ಕುಳಿತೆ. ಅಷ್ಟು ವರ್ಷ ಆ ತೋಟದಲ್ಲಿ ನಡೆದವನು ಕುಳಿತದ್ದು ಅದೇ ಮೊದಲು. ಹುಲ್ಲು ಇಷ್ಟು ಮೃದುವೆಂಬ ಐತಿಹಾಸಿಕ ಸತ್ಯ ಆಗ ತಿಳಿಯಿತು.

ನೀರಿನ ಪೈಪು ಎಳೆದುಕೊಂಡು ಬಂದ ತೋಟದ ಮಾಲಿ ಸಾಹೇಬರೊಬ್ಬರು ನಿಂತರು. "ಇಲ್ಲಿ ಮಲಗೋ ಹಂಗಿಲ್ಲ ಭಾಯಿ. ಹುಷಾರಿಲ್ವಾ ಅವರ್ಗೆ?"

"ಉಸಾರಾಗವ್ಳೆ. ನಿದ್ದೆ ಬಂದೈತೆ, ಅಷ್ಟೇಯ."

ಸಾಹೇಬರು ಟವೆಲನ್ನು ನೋಡಿದರು, ಅಕ್ಕನನ್ನು ನೋಡಿದರು. "ಆರಾಮಾಗಿ ಮಲಗ್ಲಿ. ಆ ಕಡೆ ಹೂವಿನ ಮಡಿಗೆ ಮೊದ್ಲು ನೀರು ಬಿಡ್ತೀನಿ," ಎಂದು ಪೈಪು ತಿರುಗಿಸಿಕೊಂಡು ಹೋದರು.

ಅಕ್ಕ ಕಣ್ಣುಜ್ಜಿಕೊಂಡು ಎದ್ದಾಗ ಬಿಸಿಲು ಇಳಿದಿತ್ತು. ಸೆರಗು ಸರಿಮಾಡಿಕೊಳ್ಳುತ್ತ, "ಅಯ್ಯೋ, ಇಷ್ಟೊತ್ತಾಗೋಯ್ತಾ? ನೀವು ಏನೇನ್ ನೋಡುದ್ರಿ?" ಎಂದಳು.

ಭಾವ ಟವೆಲು ಕೊಡವಿದರು. "ಎಲ್ಲಾನೂ ನೋಡ್ಕ ಬಂದೊ. ಅರಮನೆ, ಗುಂಬಜ್, ಸಂಗಮ."

"ಗುಂಬಜ್ ಎಂಗೈತೆ?"

"ದೊಡ್ಡದಾಗೈತೆ. ಬೆಳ್ಳಗೈತೆ. ಒಳಗೆ ತಣ್ಣಗೈತೆ."

"ಸುತ್ತ ಕಂಬಗಳೂ ಇವೆ," ಎಂದೆ. ಆ ದಿನದ ಪ್ರವಾಸಕ್ಕೆ ಇತಿಹಾಸದ ಮೇಷ್ಟರ ಕೊಡುಗೆ ಅಷ್ಟೆ.

ಬಸ್‌ಸ್ಟ್ಯಾಂಡಿನಲ್ಲಿ ಅವರೂರಿನ ಕಡೆಯ ಕೆ.ಆರ್. ಪೇಟೆ ಬಸ್ಸು ಬಂತು. ಸೀಟು ಹಿಡಿಯಲು ಭಾವ ನೂಕುನುಗ್ಗಲಲ್ಲಿ ಒಳಗೆ ನುಗ್ಗಿದರು. ಅಕ್ಕ ನನ್ನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ ಹೇಳಿದಳು:

"ನಿಮ್ ಭಾವ ಎಲ್ಲೂ ಓಗ್ನಿಲ್ಲ ಕಣ್ಲಾ."

ನಾನು ಬಸ್ಸಿನ ಬೋರ್ಡು ಓದತೊಡಗಿದೆ.

"ನಡುವೆ ಎಚ್ಚರಾಗಿತ್ತು ನಂಗೆ. ಕಣ್ ಬುಟ್ರೆ ಎದುರ್ಗೆ ನಿಂತವ್ರೆ, ನೆಳ್ಳು ಮಾಡ್ಕಂಡು."

"ಮತ್ತೆ ಏಳ್ಲಿಲ್ವಲ್ಲಕ್ಕ?"

"ಎದ್ದೇಳಾನ ಅಂದ್ಕಂಡೆ. ಇನ್ನೊಂದ್ ಗಳಿಗೆ ಅಂಗೇ ನಿಂತಿರ್ಲಿ ಅನ್ನುಸ್ತು. ಮತ್ತೆ ಕಣ್ ಮುಚ್ಕಂಡೆ."

ಕಿಟಕಿಯಿಂದ ಭಾವ ಕರೆದರು. ಅಕ್ಕ ನೆರಿಗೆ ಎತ್ತಿಕೊಂಡು ಹತ್ತಿದಳು. ಬಸ್ಸು ಹೊರಡುವಾಗ ಭಾವ ಎರಡು ಕೈಯನ್ನೂ ಅಗಲಿಸಿ, ಮೇಲೆ ದುಂಡಗೆ ಕೂಡಿಸಿ ಅವಳಿಗೆ ಏನನ್ನೋ ವಿವರಿಸುತ್ತಿದ್ದರು; ಗುಂಬಜ್ ಇರಬೇಕು. ಅಕ್ಕ ಕಣ್ಣರಳಿಸಿ, ತಲೆದೂಗುತ್ತ ಕೇಳುತ್ತಿದ್ದಳು.